ಪದ ಬೇಕಿದೆ: ಜೆಲ್ ತಂತ್ರಾಂಶದ ‘ಗ್ರೂಪ್’, ‘ಮ್ಯಾಚ್’ ಎರಡಕ್ಕೂ ಗುಂಪು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಪದವಿ ಕಾಲೇಜಿನ ಜೀವರಸಾಯನ ಅಧ್ಯಾಪಕರ ತರಬೇತಿಗೆ ಒಂದು ಕೈಪಿಡಿ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಕೆಲಸ ಇಷ್ಟು. ನೀರು ಕಡಿಮೆ ಕೊಟ್ಟು ಬೆಳೆಸಿದ ರಾಗಿಯ ಎಲೆಯ ಪ್ರೋಟೀನ್‌ಗಳನ್ನು ಬಿಡಿಸಿದ ಮೂರು ಜೆಲ್ (ಲೋಳೆಯಂಥ ತೆಳು ಹಾಳೆ), ಸಾಕಷ್ಟು ನೀರುಂಡ ರಾಗಿಯಿಂದ ಮೂರು. ಕೂಮಸಿ ನೀಲಿ ಎಂಬ ಬಣ್ಣದಲ್ಲಿ ಅದ್ದಿದರೆ ಒಂದೊಂದರಲ್ಲೂ ನೂರಾರು ಪ್ರೋಟೀನ್ ಚುಕ್ಕೆ. ಚಿತ್ರಗಳನ್ನು ತಂತ್ರಾಂಶಕ್ಕೆ ಕೊಟ್ಟ ಮೇಲೆ, ಈ ಜೆಲ್‌ನ ಚುಕ್ಕೆ ಆ ಜೆಲ್‌ನಲ್ಲಿ ಯಾವುದು ಎಂದು ಗುರುತಿಸಬೇಕು. ಅದು ಮ್ಯಾಚ್. ಆಮೇಲೆ ನೀರುಂಡ ಮೂರು ಒಂದು ಕಡೆ, ಬಾಡಿದ ಮೂರು ಒಂದು ಕಡೆ. ಅದು ಗ್ರೂಪ್. ಕೊನೆಗೆ ಎರಡು ಕಡೆಯ ಸರಾಸರಿಯನ್ನು ಹೋಲಿಸುವುದು.

ಹಳೆಯ ಕರಡಿನಲ್ಲಿ ಮೊದಲ ಎರಡಕ್ಕೂ ‘ಗುಂಪು ಮಾಡಿ’ ಎಂದೇ ಇದೆ. ಅದನ್ನು ಓದಿದ ಅಧ್ಯಾಪಕರೊಬ್ಬರು ಆರೂ ಜೆಲ್‌ಗಳನ್ನು ಒಂದೇ ಗುಂಪಿಗೆ ಹಾಕಿ, ಯಾವುದರ ಜೊತೆ ಯಾವುದನ್ನು ಹೋಲಿಸಬೇಕೆಂದು ತಿಳಿಯದೆ ಕುಳಿತಿದ್ದರು. ‘ಎಕ್ಸ್‌ಪ್ರೆಶನ್’ಗೆ (ವಂಶವಾಹಿಯ ಸೂಚನೆಯಂತೆ ಪ್ರೋಟೀನ್ ತಯಾರಾಗುವುದಕ್ಕೆ) ಅಭಿವ್ಯಕ್ತಿ ಎಂದು ಹಾಕಿದ್ದೇನೆ. ‘ಫೋಲ್ಡ್ ಚೇಂಜ್’ಗೂ (ಎಷ್ಟು ಪಟ್ಟು ಬದಲಾಯಿತು ಎನ್ನುವುದಕ್ಕೆ) ಏನಾದರೂ ಹೊಳೆದರೆ ತಿಳಿಸಿ.

*

ಗುಂಪು ಜನಕ್ಕೆ, ದನಕ್ಕೆ. ಶಾಲೆಯ ಗಣಿತದಲ್ಲಿ ‘ಗಣ’ ಇದೆ, ಅದನ್ನೇ ತೆಗೆದುಕೊಳ್ಳಿ. ಮ್ಯಾಚ್‌ಗೆ ‘ಅನುರೂಪಣ’. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ.

*

> ಮ್ಯಾಚ್‌ಗೆ ‘ಅನುರೂಪಣ’.

ಮಕ್ಕಳು ಅರಿಮೆಯಿಂದ ಓಡಿಹೋಗುವುದು ಇಂಥ ಪದಗಳಿಂದಲೇ.

ತಂಗಿ, ಮೊದಲು ‘ಪ್ರೋಟೀನ್’ ಬಿಡಿ. 1838ರಲ್ಲಿ ಅರಿಮೆಗಾರ ಬರ್ಜೀಲಿಯಸ್ ಆ ಹೆಸರನ್ನು ಇನ್ನೊಬ್ಬ ಅರಿಮೆಗಾರ ಮುಲ್ಡರ್‌ಗೆ ಸೂಚಿಸಿದಾಗ ಗ್ರೀಕಿನ ‘ಮೊದಲನೆಯದು’ ಎಂಬ ಹುರುಳನ್ನು ಹಿಡಿದಿದ್ದರು. ನಮ್ಮಲ್ಲಿ ‘ಮುನ್’ ಇದೆ, ಅದರಿಂದ ‘ಮುನ್ನು’. ನಾನು ಹಾಗೆಯೇ ಬರೆಯುತ್ತೇನೆ. ಹಳೆಯ ಪಾಟದ ಹೊತ್ತಗೆಗಳ ‘ಸಸಾರಜನಕ’ ಬರೀ ನೈಟ್ರೋಜನ್ ಇದೆ ಎನ್ನುತ್ತದೆ, ಅದು ಹೆಸರೇ ಅಲ್ಲ.

ಮ್ಯಾಚ್‌ಗೆ ‘ತಾಳೆ ನೋಡು’. ಒಂದು ತಾಳೆಗರಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ಸಾಲು ಸಾಲಾಗಿ ನೋಡುತ್ತಿದ್ದ ಕೆಲಸದಿಂದ ಬಂದ ನುಡಿ. ಅಚ್ಚಕನ್ನಡ.

*

ತಾಳೆಗರಿಗೂ ಈ ತಾಳೆಗೂ ಸಂಬಂಧ ಇಲ್ರಿ. ಮರಾಠಿಯೊಳಗ ಲೆಕ್ಕ ಸರಿ ಐತೋ ಇಲ್ಲೋ ಅಂತ ನೋಡೋದಕ್ಕ ‘ತಾಳಾ’ ಅಂತಾರ, ವರ್ಷದ ಆಸ್ತಿ-ಸಾಲದ ತಖ್ತೆಗೆ ‘ತಾಳೇಬಂದ’. ಮರಕ್ಕ ಅವರು ಅನ್ನೋದು ‘ತಾಡ’. ಎರಡೂ ಒಂದ ಬೇರಿನವು ಆಗಿದ್ರ ಲೆಕ್ಕದ ಪದಾನೂ ‘ತಾಡಾ’ ಆಗಬೇಕಿತ್ತು. ನಮ್ಮ ಕಡೆ ಅಂಗಡಿ ಲೆಕ್ಕ ಬರಿಯೋರ ಬಾಯಾಗ ಇವತ್ತಿಗೂ ‘ತಾಳೆ ಆಗವಲ್ದು’ ಅಂತನ ಐತಿ.

*

ಮರಾಠಿಯಿಂದ ಬಂದಿದ್ದರೆ ಅದೂ ಬೇಡ. ‘ಹೊಂದಿಕೆ’ ಇದೆಯಲ್ಲ.

*

ಬೇಡ ಅನ್ನೋದು ಭಾಳ ಸಸಾರ ರೀ. ಕಿರ್ದಿ, ಖತಾವಣಿ, ತಪಶೀಲು ಎಲ್ಲಾ ತೆಗೆದುಬಿಟ್ರ ನಮ್ಮ ಹಿರಿಯರು ಇಷ್ಟು ದಿನ ಬರೆದ ಲೆಕ್ಕ ಯಾವ ಭಾಷೆದು? ಆ ತಂಗಿ ಹಚ್ಚೋ ಬಣ್ಣದ ಹೆಸರನ್ನ ನೋಡ್ರಿ. ಕೂಮಸಿ ಅಂದ್ರ ಘಾನಾದ ಕುಮಾಸಿ ಊರು. ಇಂಗ್ಲೆಂಡಿನ ಉಣ್ಣೆ ಬಣ್ಣದವರು ಅದನ್ನ ವ್ಯಾಪಾರದ ಹೆಸರು ಮಾಡಿಕೊಂಡ್ರು. ಇಂಗ್ಲಿಷ್ ಅದರಿಂದ ಸಾಯಲಿಲ್ಲ, ನಮ್ಮ ಕನ್ನಡಾನೂ ಸಾಯೂದಿಲ್ಲ.

*

ಹಿರಿಯರಿಬ್ಬರೂ ಮನ್ನಿಸಬೇಕು. ಜೆಲ್ ಓಡಿಸಿದ ಅನುಭವದಿಂದ ಬರೆಯುತ್ತಿದ್ದೇನೆ. ತಾಳೆ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದನ್ನು ನಾವು ಯಾವಾಗ ಆಡುತ್ತೇವೆ ಎನ್ನುವುದು ಇಲ್ಲಿ ಮುಖ್ಯ.

ಎರಡು ಲೆಕ್ಕ ಒಂದೇ ಆಗಿರಬೇಕು ಎಂಬ ನಂಬಿಕೆ ಇದ್ದಾಗ ತಾಳೆ ನೋಡುತ್ತೇವೆ. ಆಗದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ಚುಕ್ಕೆಯ ಜಾಗಕ್ಕೆ ಇದು ಸರಿಯಾಗಿ ಕೂರುತ್ತದೆ. 1975ರಲ್ಲಿ ವಿಜ್ಞಾನಿ ಓಫ್ಯಾರೆಲ್ ಈ ಎರಡು ದಿಕ್ಕಿನ ವಿಧಾನದಲ್ಲಿ ಈ. ಕೋಲಿ ಬ್ಯಾಕ್ಟೀರಿಯಾದ 1,100 ಪ್ರೋಟೀನ್ ಚುಕ್ಕೆಗಳನ್ನು ಬಿಡಿಸಿ ತೋರಿಸಿದರು. ಒಂದು ದಿಕ್ಕಿನಲ್ಲಿ ಚುಕ್ಕೆಯ ಜಾಗವನ್ನು ಪ್ರೋಟೀನಿನ ವಿದ್ಯುದಂಶ ಶೂನ್ಯವಾಗುವ ಪಿಎಚ್ (ಆಮ್ಲತೆಯ ಅಳತೆ) ಹೇಳುತ್ತದೆ, ಇನ್ನೊಂದರಲ್ಲಿ ಅದರ ತೂಕ. ಹಾಗಾಗಿ ಅದೇ ಪ್ರೋಟೀನು ಪ್ರತಿ ಜೆಲ್‌ನಲ್ಲೂ ಅದೇ ಜಾಗದಲ್ಲಿರಬೇಕು. ಜೆಲ್ ಅಲ್ಲಲ್ಲಿ ಎಳೆದು ಸೊಟ್ಟಗಾಗುವುದರಿಂದ ಇರುವುದಿಲ್ಲ. ತಂತ್ರಾಂಶ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ಒಂದರ ಮೇಲೊಂದು ಕೂರಿಸುತ್ತದೆ. ಅದು ತಾಳೆಯೇ.

ಚುಕ್ಕೆ ಎಷ್ಟು ದಟ್ಟ ಎನ್ನುವುದು ತಾಳೆಯಾಗಬೇಕಿಲ್ಲ. ಆಗದಿದ್ದರೆ ಅದು ತಪ್ಪಲ್ಲ, ನಾವು ಹುಡುಕುತ್ತಿದ್ದ ಫಲಿತಾಂಶವೇ ಅದು. ಅಲ್ಲಿ ‘ಹೋಲಿಕೆ’ ಮಾತ್ರ ಸಲ್ಲುತ್ತದೆ. ಮ್ಯಾಚ್‌ಗೆ ‘ಜೋಡಿ’ ಎಂದು ಬೇರೆಡೆ ನೋಡಿದ್ದೇನೆ. ಆರು ಜೆಲ್‌ನ ಆರು ಚುಕ್ಕೆ ಸೇರಿದರೆ ಅದು ಜೋಡಿಯಾಗದು.

‘ಗುಂಪು’ ಜೆಲ್‌ಗಳಿಗೇ ಇರಲಿ. ‘ಗಣ’ ಬೇಡ ಸರ್. ಪಾಠದ ಗಣದಲ್ಲಿ ಒಂದನ್ನೇ ಎರಡು ಸಲ ಬರೆದರೂ ಅದು ಒಂದೇ. ಇಲ್ಲಿ ಅದೇ ಪ್ರಯೋಗವನ್ನು ಮೂರು ಸಲ ಮಾಡಿದ್ದೇವೆ ಎನ್ನುವುದರಲ್ಲೇ ಜೀವವಿದೆ. ಆ ಮೂರೂ ಬೇರೆಬೇರೆ ಗಿಡಗಳದ್ದಾಗಿರಬೇಕು ಎಂದು ಕೈಪಿಡಿಯಲ್ಲಿ ದಯವಿಟ್ಟು ಬರೆಯಿರಿ. ಒಂದೇ ಎಲೆಯ ರಸವನ್ನು ಮೂರು ಜೆಲ್‌ಗೆ ಹಾಕಿ ಗುಂಪು ಎಂದರೆ, ಅಳೆದದ್ದು ನಮ್ಮ ಕೈಯ ನಡುಕವನ್ನು, ರಾಗಿಯನ್ನಲ್ಲ.

‘ಅಭಿವ್ಯಕ್ತಿ’ಯ ಬಗ್ಗೆ ಯಾರೂ ಹೇಳಲಿಲ್ಲ. ವಂಶವಾಹಿಗೆ ಆ ಪದ ಸರಿ. ಜೆಲ್ ತೋರಿಸುವುದು ಆ ಹೊತ್ತಿಗೆ ಎಲೆಯಲ್ಲಿ ಉಳಿದಿರುವ ಪ್ರೋಟೀನನ್ನು. ಅದು ಹೆಚ್ಚು ತಯಾರಾಗಿ ಹೆಚ್ಚಾಯಿತೋ, ಒಡೆಯುವುದು ನಿಂತು ಹೆಚ್ಚಾಯಿತೋ ಚುಕ್ಕೆಗೆ ಗೊತ್ತಿಲ್ಲ. ‘ಪ್ರೋಟೀನಿನ ಪ್ರಮಾಣ’ ಎನ್ನಿ.

ಫೋಲ್ಡ್‌ಗೆ ನಮ್ಮಲ್ಲಿ ‘ಮಡಿ’ ಇದ್ದೇ ಇದೆ. ಇಮ್ಮಡಿ, ಮುಮ್ಮಡಿ. ಏರಿಕೆಗೆ ಮಾತ್ರ ಬಳಸಿ. ‘ಇಮ್ಮಡಿ ಇಳಿಯಿತು’ ಎಂದರೆ ಓದುವವರು ತಡವರಿಸುತ್ತಾರೆ, ‘ಅರ್ಧಕ್ಕಿಳಿಯಿತು’ ಎಂದರೆ ಸಾಕು. ಒಂದೂವರೆಗೆ ಮಡಿ ಹೊಂದದು, ‘ಒಂದೂವರೆ ಪಟ್ಟು’ ಎನ್ನಬೇಕು.

*

ಎಲ್ಲರಿಗೂ ತುಂಬಾ ಧನ್ಯವಾದ. ಹೀಗೆ ಕಳಿಸುತ್ತಿದ್ದೇನೆ:

‘ಆರೂ ಜೆಲ್‌ಗಳ ಚುಕ್ಕೆಗಳನ್ನು ತಾಳೆ ನೋಡಿ. ನೀರುಂಡ ಮೂರು ಗಿಡಗಳ ಜೆಲ್‌ಗಳನ್ನು ಒಂದು ಗುಂಪು, ಬಾಡಿದ ಮೂರು ಗಿಡಗಳ ಜೆಲ್‌ಗಳನ್ನು ಇನ್ನೊಂದು ಗುಂಪು ಮಾಡಿ. ಪ್ರತಿ ಚುಕ್ಕೆಯ ಪ್ರಮಾಣವನ್ನು ಎರಡು ಗುಂಪುಗಳ ನಡುವೆ ಹೋಲಿಸಿ.’

‘ಮುನ್ನು’ ಹಾಕಲಾಗಲಿಲ್ಲ, ಅಣ್ಣ. ಅಧ್ಯಾಪಕರು ತರಗತಿಯಲ್ಲಿ ಹೇಳುವುದು ಪ್ರೋಟೀನ್ ಎಂದೇ.

*

ನೀವು ಹಾಕಿದರೆ ತಾನೇ ಅವರು ಹೇಳುವುದು? ‘ಪ್ರಮಾಣ’ಕ್ಕಾದರೂ ‘ಅಳತೆ’ ಎಂದು ಹಾಕಬಹುದಿತ್ತು.