‘ಡೆಡ್‌ಲೈನ್’ ಎಲ್ಲಿಂದ ಬಂತು? ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಆಫೀಸಿನಲ್ಲಿ ದಿನವಿಡೀ ಕೇಳುವ ‘ಡೆಡ್‌ಲೈನ್’ ಬಗ್ಗೆ ಒಂದಿಷ್ಟು ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳುತ್ತೇನೆ. ಇದರಲ್ಲಿರುವ ‘ಡೆಡ್’ ಸುಮ್ನೆ ಒತ್ತಿ ಹೇಳೋದಕ್ಕೆ ಸೇರಿಸಿದ್ದಲ್ಲ. ಅಲ್ಲಿ ನಿಜವಾಗಿ ಸಾವಿತ್ತು.

ಅಮೆರಿಕದ ಅಂತರ್ಯುದ್ಧದ ಕಾಲ. 1864ರ ಫೆಬ್ರವರಿಯಲ್ಲಿ ದಕ್ಷಿಣ ರಾಜ್ಯಗಳವರು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳಿಗೆ ಒಂದು ಸೆರೆಮನೆ ತೆರೆದರು. ಸೆರೆಮನೆ ಅಂದರೆ ಕಟ್ಟಡವಲ್ಲ, ಸುತ್ತ ಮರದ ದಿಮ್ಮಿ ಹುಗಿದ ಬಯಲು. ಆ ದಿಮ್ಮಿಗೋಡೆಯಿಂದ ಸುಮಾರು 19 ಅಡಿ ಒಳಗೆ ಗೂಟ ನೆಟ್ಟು, ಮೇಲೆ ತೆಳ್ಳನೆಯ ಮರದ ಪಟ್ಟಿ ಹೊಡೆದಿದ್ದರು. ಅದೇ ಡೆಡ್‌ಲೈನ್. ದಾಟಿದರೆ ಕಾವಲುಗಾರ ಗುಂಡು ಹಾರಿಸುತ್ತಿದ್ದ. ಒಳಗೆ ಹರಿಯುತ್ತಿದ್ದ ತೊರೆ ಹೊಲಸಾಗಿತ್ತು. ಸ್ವಲ್ಪ ತಿಳಿನೀರು ಸಿಗಲಿ ಅಂತ ಪಟ್ಟಿಯಡಿ ಕೈ ಚಾಚಿದವರೂ ಗುಂಡಿಗೆ ಬಲಿಯಾದರೆಂದು ಬದುಕಿ ಬಂದವರು ಹೇಳಿದ್ದಾರೆ. ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಸತ್ತರು, ಹೆಚ್ಚಿನವರು ರೋಗ, ಹಸಿವಿನಿಂದ. ಅಲ್ಲಿನ ಅಧಿಕಾರಿ ಹೆನ್ರಿ ವರ್ಟ್ಜ್‌ನ ಮೇಲಿನ ಆರೋಪಗಳಲ್ಲಿ ಈ ಡೆಡ್‌ಲೈನ್ ಕೂಡ ಇತ್ತು. 1865ರ ನವೆಂಬರ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು.

ಮುಂದೆ ಅಚ್ಚುಕೂಟದವರೂ ಈ ಪದ ಬಳಸಿದರು. ಯಂತ್ರದ ಹಾಸಿನ ಮೇಲೆ ಒಂದು ಗೆರೆ. ಅದರಾಚೆ ಅಚ್ಚುಮೊಳೆ ಜೋಡಿಸಿದರೆ ಸರಿಯಾಗಿ ಅಚ್ಚಾಗದು. ಈಗ ನಾವು ಬಳಸುವ ‘ಕೆಲಸ ಮುಗಿಸಬೇಕಾದ ಸಮಯ’ ಎಂಬ ಅರ್ಥ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ.

ಕನ್ನಡಕ್ಕೆ ‘ಗಡುವು’ ಧಾರಾಳವಾಗಿ ಸಾಕು, ‘ಸಾವಿನ ಗೆರೆ’ಯಂಥ ಸಾಹಸ ಬೇಡವೇ ಬೇಡ. ಇಂಗ್ಲಿಷಿನಲ್ಲಿ ಡೆಡ್‌ಲೈನ್ ‘ಮಿಸ್’ ಆಗುತ್ತದೆ, ನಮ್ಮಲ್ಲಿ ಗಡುವು ‘ಮೀರು’ತ್ತದೆ. ಗೆರೆಗೆ ಹೊಂದುವ ಕ್ರಿಯಾಪದ ನಮ್ಮದೇ, ಅಲ್ವಾ? ಆದರೆ ಎಲ್ಲ ಕಡೆಗೂ ಗಡುವು ಒಗ್ಗುವುದಿಲ್ಲ. ‘ಸರ್ಕಾರಕ್ಕೆ ರೈತರು ಗಡುವು ಕೊಟ್ಟರು’ ಎನ್ನುವಾಗ ಅದರಲ್ಲಿ ಎಚ್ಚರಿಕೆಯ ಧ್ವನಿ ಇದೆ. ಹಾಗಾಗಿ ಅರ್ಜಿ ನಮೂನೆಯಲ್ಲಿ ‘ಕೊನೆಯ ದಿನಾಂಕ’ ಅಂತಲೇ ಬರೆಯೋದು ಒಳ್ಳೆಯದು. ಒಂದು ದಿನ ಹೆಚ್ಚಿಗೆ ಬೇಕಾದಾಗ ‘ಗಡುವು ವಿಸ್ತರಿಸಿ’ ಅನ್ನೋದಕ್ಕಿಂತ ‘ಇನ್ನೊಂದು ದಿನ ಟೈಮ್ ಕೊಡಿ’ ಅನ್ನೋದೇ ಸಹಜ.

ಈಗ ಪ್ರಶ್ನೆ. ಸಾಲಕ್ಕೆ, ಕೋರ್ಟಿಗೆ ‘ವಾಯಿದೆ’ ಅನ್ನೋದು ಗೊತ್ತು. ಬಟ್ಟೆ ಹೊಲಿದು ಕೊಡೋದು, ಮನೆ ಕಟ್ಟಿ ಮುಗಿಸೋದು, ಇಂಥ ಕೆಲಸಗಳಿಗೂ ನಿಮ್ಮ ಕಡೆ ‘ವಾಯಿದೆ’ ಅಂತಾರಾ? ಉತ್ತರ ಕರ್ನಾಟಕದವರು ಬಳಕೆಯ ಒಂದೆರಡು ವಾಕ್ಯ ಬರೆದರೆ ತುಂಬಾ ಉಪಕಾರ.