ತಗ್ಗು ಎದೆಯ ಆಪರೇಷನ್ ಆದಮೇಲೆ ಉಸಿರು: ಡಾಕ್ಟರನ್ನು ಕೇಳಿ

ಗೋಕಾಕ: ನಮಸ್ಕಾರ ಸರ್. ಮಗನಿಗೆ 16 ವರ್ಷ. ಒಳಗೆ ತಗ್ಗು ಬಿದ್ದ ಎದೆಗೆ ನಸ್ ಆಪರೇಷನ್ (ಒಳಗೆ ಲೋಹದ ಪಟ್ಟಿ ಹಾಕಿ ಎದೆಮೂಳೆ ಎತ್ತುವುದು) ಆಗಿ ಎರಡು ತಿಂಗಳು. ಊದುವ ಟೆಸ್ಟಿನಲ್ಲಿ ಎಫ್‌ವಿಸಿ, ಅಂದರೆ ಪೂರ್ತಿ ಉಸಿರೆಳೆದು ಜೋರಾಗಿ ಊದಿದ ಒಟ್ಟು ಗಾಳಿ, ಮೊದಲು ಇರಬೇಕಾದ್ದರ 81 ಪರ್ಸೆಂಟ್ ಇತ್ತು, ಈಗ 68. ಆಪರೇಷನ್ ಕೆಟ್ಟಿತಾ?

ಡಾಕ್ಟರ್, ಬೆಳಗಾವಿ: ಅಂಕಿ ನೋಡಿ ಹಾಗೆ ಹೇಳಲು ಬರುವುದಿಲ್ಲ. ಒಳಗೆ ಲೋಹದ ಪಟ್ಟಿ ಪಕ್ಕೆಲುಬನ್ನು ಹಿಡಿದಿದೆ, ನೋವೂ ಇದೆ. ಹುಡುಗ ಪೂರ್ತಿ ಉಸಿರು ಎಳೆಯುವುದಿಲ್ಲ. ಮೊದಲ ತಿಂಗಳುಗಳಲ್ಲಿ ಇಳಿಯುವುದು ಮಾಮೂಲು. ಪಟ್ಟಿ ಸಾಮಾನ್ಯವಾಗಿ 2ರಿಂದ 4 ವರ್ಷ ಇರುತ್ತದೆ. ತೆಗೆದ ಮೇಲೆ ಅಂಕಿ ಹೆಚ್ಚಾಗಿ ಹಳೆಯ ಮಟ್ಟಕ್ಕೆ ಬರುತ್ತದೆ, ಇಲ್ಲವೇ ಸ್ವಲ್ಪ ಮೇಲೆ. ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ದೊಡ್ಡ ಲಾಭ ಹೃದಯಕ್ಕೆ. ಎದೆಮೂಳೆ ಹೃದಯದ ಬಲಗಡೆಯ ಕೋಣೆಯನ್ನು ಒತ್ತುತ್ತಿರುತ್ತದೆ. ಆ ಒತ್ತು ಹೋದರೆ ಬಡಿತಕ್ಕೆ ಜಾಸ್ತಿ ರಕ್ತ ಹೊರಡುತ್ತದೆ. ಅದಕ್ಕೇ ಟೆಸ್ಟಿನ ಅಂಕಿ ಅಷ್ಟೇ ಇದ್ದರೂ ಓಡುವಾಗ ಮೊದಲಿನಷ್ಟು ದಮ್ಮು ಹತ್ತುವುದಿಲ್ಲ ಅನ್ನುವವರಿದ್ದಾರೆ. ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಡಬ್ಬಿ ಕೊಟ್ಟಿದ್ದಾರಲ್ವಾ? ಅದನ್ನು ಊದಬಾರದು, ನಿಧಾನಕ್ಕೆ ಒಳಗೆ ಎಳೆಯಬೇಕು. ಬಹಳ ಜನ ಊದುತ್ತಾರೆ!

ಮುಧೋಳ: ನಮ್ಮ ಹುಡುಗಿಗೂ ಅಂಕಿ ಇಳಿದಿದೆ ಸರ್. ಏನು ಮಾಡಲಿ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಜಮಖಂಡಿ: (ಫಾರ್ವರ್ಡ್) ಎಳ್ಳೆಣ್ಣೆ ಹಚ್ಚಿ ಎದೆ ತಿಕ್ಕಿ, ದಿನಾ ಕಪಾಲಭಾತಿ ಮಾಡಿ. ತಗ್ಗು ತಾನೇ ತುಂಬುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಮೂಳೆ ಎಣ್ಣೆಗೆ ಏಳುವುದಿಲ್ಲ. ಹೊಸದಾಗಿ ಪಟ್ಟಿ ಹಾಕಿದ ಎದೆಯನ್ನು ತಿಕ್ಕಿ ಅದು ಸರಿದರೆ ಫಾರ್ವರ್ಡ್ ಮಾಡಿದವರು ಬರುತ್ತಾರಾ?

ಬಾಗಲಕೋಟೆ: ಗರಡಿಮನೆ ನಿಮಗಿಂತ ಹಳೆಯವು ಡಾಕ್ಟರ್. ನಮ್ಮ ಪೈಲ್ವಾನರಿಗೆ ಯಾರು ಪಟ್ಟಿ ಹಾಕಿದ್ದರು?

ಇಳಕಲ್: ಅಣ್ಣಾ, ಅವರಿಗೆ ತಗ್ಗು ಎದೆ ಇತ್ತಾ?

ಬಾಗಲಕೋಟೆ: ಕೆಮ್ಮಣ್ಣು ಮುಟ್ಟದವರು ಸುಮ್ನಿರಿ.

ಬಾದಾಮಿ: ಪಟ್ಟಿ ಇದ್ದಾಗ ಎಂಆರ್‌ಐ ಮಾಡಿಸಬಹುದಾ?

ಇಳಕಲ್: ಮಣ್ಣು ಮುಟ್ಟಿದರೆ ಡಾಕ್ಟರ್ ಆಗುತ್ತಾರಾ?

ಸಿಂದಗಿ: ಸರ್, ತಮ್ಮನಿಗೆ ಇದೇ ಆಪರೇಷನ್ ಆಗಿ 3 ವಾರ. ಮುಂಜಾನೆ ಜೋಳದ ಚೀಲ ಎತ್ತಿದ. ಆಗಿನಿಂದ ಎಡಗಡೆ ಚುಚ್ಚುತ್ತಿದೆ, ದಮ್ಮು ಹತ್ತುತ್ತಿದೆ. ಶಾಖ ಕೊಡಲಾ?

ಡಾಕ್ಟರ್: ಶಾಖ ಬೇಡ. 108ಕ್ಕೆ ಫೋನ್ ಮಾಡಿ, ಈಗಲೇ. ಪಟ್ಟಿ ಸರಿದಿರಬಹುದು, ಶ್ವಾಸಕೋಶದ ಹೊರಗೆ ಗಾಳಿ ತುಂಬಿರಬಹುದು. ಎಕ್ಸ್‌ರೇ ಆಗದೆ ಗೊತ್ತಾಗುವುದಿಲ್ಲ. ಎದೆಯೊಳಗೆ ಪಟ್ಟಿ ಇದೆ ಎಂದು ಆಂಬುಲೆನ್ಸಿನವರಿಗೂ ಹೇಳಿ. ಅಕಸ್ಮಾತ್ ಹೃದಯಕ್ಕೆ ಕರೆಂಟ್ ಶಾಕ್ ಕೊಡಬೇಕಾಗಿ ಬಂದರೆ ಒಂದು ಪ್ಯಾಡ್ ಎದೆಗೆ, ಇನ್ನೊಂದು ಬೆನ್ನಿಗೆ ಹಾಕಬೇಕು.

ಬಾಗಲಕೋಟೆ: ನೋಡಿ, ಆಪರೇಷನ್ ಮಾಡಿಸಿದ್ದಕ್ಕೇ ಹೀಗಾಯ್ತು.

ಡಾಕ್ಟರ್: ಚೀಲ ಎತ್ತಿದ್ದಕ್ಕೆ ಆಯ್ತು. ನಿಮ್ಮ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಸಿಂದಗಿಯವರೇ, ಫೋನ್ ಮಾಡಿದಿರಾ?

ಸಿಂದಗಿ: ಮಾಡಿದ್ವಿ ಸರ್. ಬರುತ್ತಿದೆ ಅಂದರು.

ಡಾಕ್ಟರ್: ಒರಗಿಸಿ ಕೂರಿಸಿ. ಆಪರೇಷನ್ ಫೈಲ್ ಜೊತೆಗೆ ಒಯ್ಯಿರಿ.

ಮುಧೋಳ: ಸರ್, ಓದಿದೆ. ಹುಡುಗಿ ಶಾಲೆ ಬ್ಯಾಗ್ ಹೊರಬಹುದಾ?