ಪಡಸಾಲೆಯ ಟಿವಿಗೆ 30,000 ರೂಪಾಯಿಯಲ್ಲಿ ಗೇಮಿಂಗ್ ಕಂಪ್ಯೂಟರ್: ಪ್ರಶ್ನೋತ್ತರ

ಪ್ರಶ್ನೆ (ಗಂಗಾವತಿಯ ಪ್ರೌಢಶಾಲಾ ಶಿಕ್ಷಕರು): ನಮಸ್ಕಾರ ಸರ್. ನಮ್ಮ ಮನೆಯ ಪಡಸಾಲೆಯಲ್ಲಿ 43 ಇಂಚಿನ 4ಕೆ ಟಿವಿ ಇದೆ. ಆರನೇ ಮತ್ತು ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳಿಬ್ಬರೂ ಗೇಮಿಂಗ್ ಕಂಪ್ಯೂಟರ್ ಬೇಕೆಂದು ಕೇಳುತ್ತಿದ್ದಾರೆ, ರಜೆಯಲ್ಲಿ ಅವರ ಜೊತೆ ಕುಳಿತು ಆಡಬೇಕೆಂಬ ಆಸೆ ನನಗೂ ಇದೆ. ಮೇಜು, ಮಾನಿಟರ್ ಇಡಲು ಜಾಗವಿಲ್ಲದ ಕಾರಣ ಟಿವಿಗೇ ಜೋಡಿಸಬೇಕು. ಎಲ್ಲ ಸೇರಿ 30,000 ರೂಪಾಯಿ ಮೀರುವಂತಿಲ್ಲ. ಒಂದು ಅಂಗಡಿಯವರು ಇದೇ ಬೆಲೆಗೆ ಬಣ್ಣದ ದೀಪಗಳ ಕ್ಯಾಬಿನೆಟ್ ಇರುವ ಕಂಪ್ಯೂಟರ್ ಕೊಡುವುದಾಗಿ ಹೇಳಿದ್ದು, ಕೊಟೇಶನ್‌ನಲ್ಲಿ ‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂದಷ್ಟೇ ಬರೆದಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ (ಬಳ್ಳಾರಿಯಲ್ಲಿ ಕಂಪ್ಯೂಟರ್ ಜೋಡಣೆ ಮತ್ತು ರಿಪೇರಿ ವೃತ್ತಿಯಲ್ಲಿರುವವರು): ನಮಸ್ಕಾರ ಗುರುಗಳೇ. ಮಾಡೆಲ್ ಸಂಖ್ಯೆ ಬರೆಯದ ಕೊಟೇಶನ್‌ಗೆ ದಯವಿಟ್ಟು ಮುಂಗಡ ಕೊಡಬೇಡಿ. ಐ7 ಎಂಬ ಹೆಸರು 2008ರಿಂದಲೂ ಇದೆ, 2011ರ ಐ7 2600 ಕೂಡ ಐ7ನೇ. ಹಾಗೆಯೇ 4 ಜಿಬಿ ಎನ್ನುವುದು ಕಾರ್ಡಿನ ಮೆಮೊರಿಯ ಅಳತೆಯೇ ಹೊರತು ಅದರ ಶಕ್ತಿಯ ಅಳತೆ ಅಲ್ಲ. 2014ರ ಜಿಟಿ 730 ಕಾರ್ಡಿನಲ್ಲೂ 4 ಜಿಬಿ ಇರುವ ಮಾದರಿಗಳಿವೆ, ಈಗಿನ ಆಟಗಳಿಗೆ ಅದು ಯಾವ ಕೆಲಸಕ್ಕೂ ಬಾರದು. ದೀಪದ ಕ್ಯಾಬಿನೆಟ್‌ಗೆ ಖರ್ಚಾಗುವ ಹಣ ಬಹುತೇಕ ಎಸ್‌ಎಂಪಿಎಸ್‌ನ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಘಟಕ) ಗುಣಮಟ್ಟದಿಂದ ಕಡಿತವಾಗಿರುತ್ತದೆ, ಕಂಪ್ಯೂಟರ್ ಸುಟ್ಟು ನಮ್ಮ ಮೇಜಿಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದೂ ಅದೇ.

ನಿಮ್ಮ ಅಗತ್ಯಕ್ಕೆ ನನ್ನ ಸಲಹೆ ಇದು: ಕಚೇರಿಗಳಲ್ಲಿ ಬಳಸಿ ಮಾರಾಟಕ್ಕೆ ಬಂದಿರುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್ ಅಥವಾ ಲೆನೊವೊ ಥಿಂಕ್‌ಸೆಂಟರ್‌ಗಳಲ್ಲಿ ಒಂದನ್ನು ಆರಿಸಿ, ಅದಕ್ಕೆ ಜಿಟಿಎಕ್ಸ್ 1650 ಕಾರ್ಡ್ ಹಾಕಿಸಿ. ಪ್ರೊಸೆಸರ್ ಇಂಟೆಲ್‌ನ ಎಂಟನೇ ತಲೆಮಾರಿನ ಐ5 8500 ಅಥವಾ ಅದಕ್ಕಿಂತ ಹೊಸದಾಗಿರಲಿ. ಏಕೆಂದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕೆಲವು ಅಪವಾದ ಬಿಟ್ಟರೆ ಎಂಟನೇ ತಲೆಮಾರಿನಿಂದಲೇ ಆರಂಭವಾಗುತ್ತವೆ. ಆರು ಮತ್ತು ಏಳನೇ ತಲೆಮಾರಿನ ಯಂತ್ರಗಳು ಈಗ ಅಗ್ಗವಾಗಿ ಸಿಗುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಈ ಜೋಡಿ ಏಕೆ ಹೊಂದುತ್ತದೆ ಎಂಬುದನ್ನೂ ಹೇಳುತ್ತೇನೆ. ಮದರ್‌ಬೋರ್ಡಿನ ಸ್ಲಾಟ್ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡಬಲ್ಲದು, ಜಿಟಿಎಕ್ಸ್ 1650ರ ಅಗತ್ಯವೂ 75 ವ್ಯಾಟ್. ಆದ್ದರಿಂದ ಪ್ರತ್ಯೇಕ ಪವರ್ ಕೇಬಲ್ ಬೇಡದ ಮಾದರಿಗಳು ಅದರಲ್ಲಿ ಸಿಗುತ್ತವೆ. ಐ5 8500ರ ನಿಗದಿತ ಅಳತೆ 65 ವ್ಯಾಟ್. ಡಿಸ್ಕ್, ಫ್ಯಾನ್, ಮದರ್‌ಬೋರ್ಡ್ ಸೇರಿಸಿದರೂ ಕಂಪನಿಯೇ ಕೊಟ್ಟ 250 ವ್ಯಾಟ್ ಆಸುಪಾಸಿನ ಎಸ್‌ಎಂಪಿಎಸ್ ಇಷ್ಟನ್ನು ಹೊರುತ್ತದೆ. ಕಚೇರಿ ಯಂತ್ರಗಳ ಎಸ್‌ಎಂಪಿಎಸ್ ಕನೆಕ್ಟರ್ ಎಷ್ಟೋ ಮಾದರಿಗಳಲ್ಲಿ ಕಂಪನಿಯದ್ದೇ ಬೇರೆ ಬಗೆಯದಾಗಿರುವುದರಿಂದ, ದೊಡ್ಡ ಕಾರ್ಡ್ ತಂದು ಮಾರುಕಟ್ಟೆಯ ಎಸ್‌ಎಂಪಿಎಸ್ ಕೂರಿಸುತ್ತೇನೆಂದರೆ ಆಗುವುದಿಲ್ಲ. ಕೊಳ್ಳುವಾಗ ಪೂರ್ಣ ಎತ್ತರದ ಟವರ್ ಕೇಳಿ ಪಡೆಯಿರಿ, ತೆಳ್ಳಗಿನ ಕ್ಯಾಬಿನೆಟ್ ಆದರೆ ಗಿಡ್ಡ ಪಟ್ಟಿಯ (ಲೋ ಪ್ರೊಫೈಲ್) ಕಾರ್ಡನ್ನೇ ಹುಡುಕಬೇಕಾಗುತ್ತದೆ. ರ‍್ಯಾಮ್ 8 ಜಿಬಿಯ ಎರಡು ಕಡ್ಡಿಗಳಿರಲಿ, ಆಟಗಳನ್ನು ಇಡುವ ಎಸ್‌ಎಸ್‌ಡಿ 500 ಜಿಬಿಗೆ ಕಡಿಮೆ ಬೇಡ. 2025ರ ಕೊನೆಯಿಂದ ರ‍್ಯಾಮ್ ದುಬಾರಿಯಾಗಿರುವುದರಿಂದ, ರ‍್ಯಾಮ್ ಸಮೇತ ಸಿಗುವ ಹಳೆಯ ಯಂತ್ರ ಹೊಸ ಜೋಡಣೆಗಿಂತ ಇನ್ನಷ್ಟು ಲಾಭದ್ದಾಗಿದೆ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಳ್ಳುವವರು ಹಣ ಕೊಡುವ ಮೊದಲು ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಲೇಬೇಕು. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ನಕಲಿ ಕಾರ್ಡುಗಳನ್ನು ಅದು ಬಹುತೇಕ ಗುರುತಿಸಿ, ಹೆಸರಿನ ಮುಂದೆಯೇ ನಕಲಿ ಎಂದು ತೋರಿಸುತ್ತದೆ.

ಪ್ರಶ್ನೆ (ಅದೇ ಶಿಕ್ಷಕರು): ತುಂಬಾ ಉಪಕಾರವಾಯಿತು ಸರ್. ಸೋಫಾದಲ್ಲಿ ಕುಳಿತು ಆಡಲು ಕಂಟ್ರೋಲರ್ ಯಾವುದು ಒಳ್ಳೆಯದು? ಸಾವಿರದೊಳಗಿನವೂ ಇವೆ, ಐದಾರು ಸಾವಿರದವೂ ಇವೆ. 1650 ಕಾರ್ಡಿನಿಂದ 4ಕೆ ಟಿವಿಯಲ್ಲಿ ಚಿತ್ರ ಸರಿಯಾಗಿ ಬರುತ್ತದೆಯೇ?

ಉತ್ತರ: ಗುರುಗಳೇ, ಈ ಪ್ರಶ್ನೆಯನ್ನೇ ನಾನು ಕಾಯುತ್ತಿದ್ದೆ. ಪಡಸಾಲೆಯ ಕಂಪ್ಯೂಟರಿನಲ್ಲಿ ಆಟದ ಸುಖ ಅರ್ಧಕ್ಕೂ ಹೆಚ್ಚು ಕೈಯಲ್ಲಿರುವ ಕಂಟ್ರೋಲರ್ ಮತ್ತು ಟಿವಿಯ ಸೆಟ್ಟಿಂಗ್‌ನಿಂದ ಬರುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಬಜೆಟ್‌ನಲ್ಲಿ ಮೊದಲು ಎರಡು ಕಂಟ್ರೋಲರ್‌ಗಳ ಹಣ ತೆಗೆದಿಟ್ಟು, ಉಳಿದದ್ದರಲ್ಲಿ ಯಂತ್ರ ನೋಡಿ.

ಅಗ್ಗದ ಕಂಟ್ರೋಲರ್ ಮತ್ತು ಒಳ್ಳೆಯ ಕಂಟ್ರೋಲರ್‌ಗಳ ವ್ಯತ್ಯಾಸ ತಿಳಿಯಬೇಕಾದರೆ ಕಾರ್ ರೇಸಿನ ಆಟವೊಂದನ್ನು ಹಾಕಿ, ಬಲ ತೋರುಬೆರಳಿನ ಟ್ರಿಗರನ್ನು ನಿಧಾನವಾಗಿ ಒತ್ತಿ ನೋಡಿ. ಒಳ್ಳೆಯದರಲ್ಲಿ ಬೆರಳು ಕಾಲುಭಾಗ ಒತ್ತಿದರೆ ಕಾರು ಕಾಲುಭಾಗದ ವೇಗ ಪಡೆಯುತ್ತದೆ, ಮಳೆಯಲ್ಲಿ ಒದ್ದೆಯಾದ ತಿರುವಿನಲ್ಲಿ ಚಕ್ರ ಜಾರದಂತೆ ಹಿಡಿತದಲ್ಲಿಡಬಹುದು. ತೀರಾ ಅಗ್ಗದವುಗಳಲ್ಲಿ ಟ್ರಿಗರ್ ಎಂಬುದು ಬರೀ ಸ್ವಿಚ್ಚು: ಒತ್ತಿದರೆ ಪೂರ್ಣ ವೇಗ, ಬಿಟ್ಟರೆ ಶೂನ್ಯ. ಇನ್ನೊಂದು ಪರೀಕ್ಷೆ, ಪಾತ್ರವನ್ನು ನಡೆಸುವ ಕಡ್ಡಿಯಿಂದ (ಸ್ಟಿಕ್) ಹೆಬ್ಬೆರಳು ತೆಗೆದ ಮೇಲೂ ಆಟದ ಪಾತ್ರ ತಾನಾಗಿ ಒಂದು ಕಡೆಗೆ ನಡೆಯುತ್ತಿದೆಯೇ ಎಂಬುದು. ಸಾಮಾನ್ಯ ಕಡ್ಡಿಗಳ ಒಳಗೆ ಉಜ್ಜಿ ಸವೆಯುವ ಭಾಗವಿರುತ್ತದೆ, ಸವೆದಂತೆ ಈ ರೋಗ ಬರುತ್ತದೆ. ಹಾಲ್ ಎಫೆಕ್ಟ್ ಕಡ್ಡಿಗಳು ಅಯಸ್ಕಾಂತದ ನೆರವಿನಿಂದ ಕೆಲಸ ಮಾಡುವುದರಿಂದ ಹೆಚ್ಚು ಬಾಳುತ್ತವೆ. ಮಧ್ಯಮ ಬೆಲೆಯ ಕಂಟ್ರೋಲರ್‌ಗಳಲ್ಲೂ ಈಗ ಇವು ಬಂದಿವೆ, ಮಕ್ಕಳಿರುವ ಮನೆಗೆ ಅಂಥದ್ದನ್ನೇ ಹೇಳುತ್ತೇನೆ. ಖರೀದಿಸುವಾಗ ಪೆಟ್ಟಿಗೆಯ ಮೇಲೆ ‘ಎಕ್ಸ್‌ಇನ್‌ಪುಟ್’ ಎಂದಿರುವುದನ್ನು ಖಚಿತಪಡಿಸಿಕೊಳ್ಳಿ, ಕಂಪ್ಯೂಟರಿನ ಹೆಚ್ಚಿನ ಆಟಗಳು ಅದನ್ನು ತಾವಾಗಿಯೇ ಗುರುತಿಸುತ್ತವೆ. ಪ್ಲೇಸ್ಟೇಶನ್‌ನ ಕಂಟ್ರೋಲರ್ ಮನೆಯಲ್ಲಿದ್ದರೆ ಸ್ಟೀಮ್ (ಆಟಗಳನ್ನು ಕೊಂಡು ಆಡಿಸುವ ಆನ್‌ಲೈನ್ ಅಂಗಡಿಯ ತಂತ್ರಾಂಶ) ಮೂಲಕ ಅದೂ ನಡೆಯುತ್ತದೆ.

ಹಳೆಯ ಕಚೇರಿ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಬ್ಲೂಟೂತ್ ಇರುವುದಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ಡಾಂಗಲ್ ಹಾಕಬೇಕು. ಅದನ್ನು ಕಂಪ್ಯೂಟರಿನ ಹಿಂದೆ, ಯುಎಸ್‌ಬಿ 3.0 ಪೋರ್ಟುಗಳ ಪಕ್ಕದಲ್ಲಿ ಸಿಕ್ಕಿಸಿದರೆ ಸಿಗ್ನಲ್ ತಡವರಿಸುತ್ತದೆ. ಯುಎಸ್‌ಬಿ 3.0 ಹೊಮ್ಮಿಸುವ ಗದ್ದಲವು ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯಾಗುತ್ತದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ವಿವರಿಸಿದೆ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲನ್ನು ಟಿವಿಯ ಮುಂದಕ್ಕೆ, ಸೋಫಾಕ್ಕೆ ಕಾಣುವಂತೆ ಇಟ್ಟರೆ ಸಾಕು. ‘ಕಂಟ್ರೋಲರ್ ಹಾಳಾಗಿದೆ’ ಎಂದು ಅಂಗಡಿಗೆ ತರುವವರಲ್ಲಿ ಅನೇಕರಿಗೆ ನಾನು ಈ ಕೇಬಲ್ ಒಂದನ್ನೇ ಕೊಟ್ಟು ಕಳಿಸುತ್ತೇನೆ.

ಈಗ ಟಿವಿ. 1650ರಿಂದ 4ಕೆ ಆಡಲು ಹೋಗಬೇಡಿ; ವಿಂಡೋಸ್‌ನಲ್ಲೂ ಆಟದಲ್ಲೂ 1080ಪಿ, 60 ಹರ್ಟ್ಸ್ ಇಡಿ, ಉಳಿದ ಹಿಗ್ಗಿಸುವ ಕೆಲಸವನ್ನು ಟಿವಿ ಮಾಡಿಕೊಳ್ಳುತ್ತದೆ. ಎಂಟು ಹತ್ತು ಅಡಿ ದೂರದ ಸೋಫಾದಿಂದ 43 ಇಂಚಿನಲ್ಲಿ ವ್ಯತ್ಯಾಸ ಕಾಣುವುದು ಬಹಳ ಕಡಿಮೆ. ಎಚ್‌ಡಿಎಂಐ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಹಾಕಬೇಕು, ಮದರ್‌ಬೋರ್ಡಿನದಕ್ಕೆ ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಸಾಮಾನ್ಯ ಮೋಡ್‌ನಲ್ಲಿ ಟಿವಿ ಪ್ರತಿ ಚಿತ್ರವನ್ನೂ ತಿದ್ದಿ, ತೀಡಿ ತೋರಿಸುವುದರಿಂದ ಗುಂಡಿ ಒತ್ತಿದ ಮೇಲೆ ಪಾತ್ರ ಜಿಗಿಯುವುದು ತಡವಾಗುತ್ತದೆ. ಹಾಲೋ ನೈಟ್‌ನಂಥ, ಕ್ಷಣ ನೋಡಿ ಗುಂಡಿ ಒತ್ತಬೇಕಾದ ಆಟದಲ್ಲಿ ಈ ವಿಳಂಬ ತಿಳಿಯದೆ ಮಕ್ಕಳು ತಮಗೇ ಆಡಲು ಬರುವುದಿಲ್ಲವೆಂದು ಬೇಸರಪಡುತ್ತಾರೆ. ಗೇಮ್ ಮೋಡ್ ಹಾಕಿದ ಕೂಡಲೇ ಅದೇ ಯಂತ್ರ, ಅದೇ ಕೈ, ಆಟ ಮಾತ್ರ ಬೇರೆಯದೇ ಅನ್ನಿಸುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಕೀಬೋರ್ಡ್, ಮೌಸ್ ದಿನನಿತ್ಯ ಬೇಕಾಗುವುದಿಲ್ಲ. ಕಂಪ್ಯೂಟರ್ ಆನ್ ಆದೊಡನೆ ಸ್ಟೀಮ್ ತಾನಾಗಿ ಬಿಗ್ ಪಿಕ್ಚರ್ ಮೋಡ್‌ನಲ್ಲಿ ತೆರೆಯುವಂತೆ ಇಟ್ಟರೆ ದೊಡ್ಡ ಅಕ್ಷರಗಳ ಪರದೆ ಬರುತ್ತದೆ, ಎಲ್ಲವನ್ನೂ ಕಂಟ್ರೋಲರ್‌ನಿಂದಲೇ ಆಯ್ದುಕೊಳ್ಳಬಹುದು. ಅಪ್‌ಡೇಟ್, ಪಾಸ್‌ವರ್ಡ್ ಹೊತ್ತಿಗೆ ಮಾತ್ರ ಟಚ್‌ಪ್ಯಾಡ್ ಇರುವ ಸಣ್ಣ ವೈರ್‌ಲೆಸ್ ಕೀಬೋರ್ಡ್ ಒಂದು ಮನೆಯಲ್ಲಿರಲಿ.

ಪ್ರಶ್ನೆ (ಸಿಂಧನೂರಿನಿಂದ ಒಬ್ಬ ತಾಯಿ): ಸರ್, ಯಂತ್ರದ ವಿಷಯ ಅರ್ಥವಾಯಿತು. ಆದರೆ ನನ್ನ ಹನ್ನೊಂದು ವರ್ಷದ ಮಗ ಜಿಟಿಎ ಒಂದನ್ನೇ ಕೇಳುತ್ತಾನೆ. ಮನೆಮಂದಿ ಒಟ್ಟಿಗೆ ಕುಳಿತು ಆಡಬಹುದಾದವು ಯಾವುವು? ನೀವು ಆಡಿ ನೋಡಿದ್ದನ್ನು ಹೇಳಿ.

ಉತ್ತರ: ಮೇಡಂ, ಜಿಟಿಎ 5ಕ್ಕೆ ಯುರೋಪಿನ ಪೆಗಿ ಸಂಸ್ಥೆ 18 ವರ್ಷದ ಗುರುತು ಕೊಟ್ಟಿದೆ. ಹನ್ನೊಂದರ ಹುಡುಗನಿಗೆ ಅದು ಬೇಡವೇ ಬೇಡ. ಬೇಡ ಅನ್ನುವಾಗ ಕೈಗೆ ಬೇರೆ ಒಳ್ಳೆಯದನ್ನು ಕೊಡಬೇಕು, ಅಂಥವು ಬೇಕಾದಷ್ಟಿವೆ.

ಮೊದಲು ಓವರ್‌ಕುಕ್ಡ್ 2 ಹಾಕಿ. ನಾಲ್ವರವರೆಗೆ ಒಂದೇ ಪರದೆಯಲ್ಲಿ ಅಡುಗೆಮನೆ ನಡೆಸಬೇಕು. ಒಬ್ಬರು ಹೆಚ್ಚಬೇಕು, ಒಬ್ಬರು ಬೇಯಿಸಬೇಕು, ಒಬ್ಬರು ತಟ್ಟೆ ತೊಳೆಯಬೇಕು. ಎರಡು ಗುಂಡಿ ತಿಳಿದರೆ ಸಾಕಾಗುವುದರಿಂದ ಎಂದೂ ಕಂಟ್ರೋಲರ್ ಹಿಡಿಯದ ಅಜ್ಜಿಯೂ ಸೇರಿಕೊಳ್ಳಬಹುದು. ಮಾತಾಡಿಕೊಳ್ಳದೆ ಒಂದು ಹಂತವೂ ದಾಟುವುದಿಲ್ಲ ಎಂಬುದೇ ಅದರ ದೊಡ್ಡ ಗುಣ. ಸ್ಟಾರ್‌ಡ್ಯೂ ವ್ಯಾಲಿ ಇದಕ್ಕೆ ತದ್ವಿರುದ್ಧವಾದ, ನಿಧಾನಗತಿಯ ಬೇಸಾಯದ ಆಟ. 2016ರಲ್ಲಿ ಒಬ್ಬನೇ ವ್ಯಕ್ತಿ ಮಾಡಿ ಬಿಡುಗಡೆ ಮಾಡಿದ ಈ ಆಟದಲ್ಲಿ ಪರದೆಯನ್ನು ಭಾಗಮಾಡಿ ಜೊತೆಯಾಗಿ ಆಡುವ ಸೌಲಭ್ಯ 2020ರ ಕೊನೆಯಲ್ಲಿ ಬಂತು. ಋತು ನೋಡಿ ಬೀಜ ಹಾಕಬೇಕು, ನೀರು ತಪ್ಪಿಸಬಾರದು; ಭತ್ತದ ನಾಡಿನ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಸೋಫಾದಿಂದ ಅಕ್ಷರ ಸಣ್ಣದಾಗಿ ಕಾಣುತ್ತದೆ, ಸೆಟ್ಟಿಂಗ್‌ನಲ್ಲಿ ದೊಡ್ಡದು ಮಾಡಿಕೊಳ್ಳಿ.

ಇಟ್ ಟೇಕ್ಸ್ ಟೂ ಇಬ್ಬರೇ ಆಡಬೇಕಾದ, 2021ರ ಆಟ. ನಾನು ಕಂಡಂತೆ ಜೊತೆಯಾಟಗಳಲ್ಲಿ ಇದಕ್ಕೆ ಸಾಟಿ ಇಲ್ಲ, ಪ್ರತಿ ಅಧ್ಯಾಯದಲ್ಲೂ ಇಬ್ಬರ ಕೈಗೂ ಹೊಸ ಸಾಧನ ಬರುತ್ತದೆ. ಆದರೆ ಕಥೆ ವಿಚ್ಛೇದನದ ಅಂಚಿನಲ್ಲಿರುವ ಗಂಡ-ಹೆಂಡತಿಯದು, ಪೆಗಿ ಗುರುತು 12. ಆದ್ದರಿಂದ ನಿಮ್ಮ ಮಗನ ಜೊತೆ ನೀವೇ ಎರಡನೇ ಕಂಟ್ರೋಲರ್ ಹಿಡಿಯುವುದು ಒಳ್ಳೆಯದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ‘ರಾಜಿ’ಯನ್ನೂ ತೋರಿಸಿ. ಅಸುರರು ಒಯ್ದ ತಮ್ಮನನ್ನು ಹುಡುಕಿ ಹೊರಡುವ ಅಕ್ಕನ ಕಥೆಯನ್ನು ನಡುನಡುವೆ ನೆರಳು ಗೊಂಬೆಗಳ ರೂಪದಲ್ಲಿ ಹೇಳುತ್ತಾರೆ. ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟ ನೋಡಿ ಬೆಳೆದ ನಮ್ಮ ಬಳ್ಳಾರಿ ಸೀಮೆಯವರಿಗೆ ಆ ದೃಶ್ಯಗಳು ಮನಸ್ಸಿಗೆ ಹತ್ತಿರವಾಗುತ್ತವೆ. ಹೊಡೆದಾಟದ ಹಿಡಿತ ಸ್ವಲ್ಪ ಬಿಗಿ, ಕ್ಯಾಮೆರಾವನ್ನು ನಾವು ತಿರುಗಿಸುವಂತಿಲ್ಲ. ಅಷ್ಟು ಸಹಿಸಿಕೊಂಡರೆ ಚಿತ್ರಗಳು ಬಹಳ ಸೊಗಸು.

ಕಾರು ಬೇಕೆಂಬ ಹುಡುಗರಿಗೆ ಫೋರ್ಜಾ ಹೊರೈಜನ್ 5. 1650ರಲ್ಲಿ ಮಧ್ಯಮ ಸೆಟ್ಟಿಂಗ್‌ನಲ್ಲಿ ಚೆನ್ನಾಗಿ ಓಡುತ್ತದೆ, ಆದರೆ 100 ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ ಮತ್ತು ಒಂದೇ ಪರದೆಯಲ್ಲಿ ಇಬ್ಬರು ಆಡುವಂತಿಲ್ಲ. ಇಬ್ಬರು ಬೇಕಾದರೆ ರಾಕೆಟ್ ಲೀಗ್ ಇದೆ, 2020ರಿಂದ ಉಚಿತ.

ಪ್ರಶ್ನೆ (ರಾಯಚೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ಇದೇ ಯಂತ್ರದಲ್ಲಿ ಕಂಟ್ರೋಲರ್ ಹಿಡಿದು ವ್ಯಾಲರಂಟ್ ಆಡಬಹುದೇ? 1650 ಬದಲು ಆರ್‌ಎಕ್ಸ್ 6400 ಹಾಕಿದರೆ ಹೇಗೆ?

ಉತ್ತರ: ತಮ್ಮಾ, ಕಂಪ್ಯೂಟರಿನ ವ್ಯಾಲರಂಟ್‌ಗೆ ಕಂಟ್ರೋಲರ್ ನಡೆಯುವುದಿಲ್ಲ, ಕೀಬೋರ್ಡ್ ಮತ್ತು ಮೌಸೇ ಬೇಕು. ವಿಂಡೋಸ್ 11ರಲ್ಲಿ ಅದಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡೂ ಭದ್ರತಾ ಸೌಲಭ್ಯಗಳು ಆನ್ ಆಗಿರಬೇಕು, ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್) ನೋಡಿಕೊ. 6400 ಕಡಿಮೆ ವಿದ್ಯುತ್ತಿನ ಒಳ್ಳೆಯ ಕಾರ್ಡೇ, ಆದರೆ ಅದಕ್ಕೆ ಪಿಸಿಐಇ ಲೇನ್‌ಗಳು (ಕಾರ್ಡ್ ಮತ್ತು ಮದರ್‌ಬೋರ್ಡಿನ ನಡುವೆ ಮಾಹಿತಿ ಹರಿಯುವ ದಾರಿಗಳು) ನಾಲ್ಕೇ. ಹೊಸ ಪಿಸಿಐಇ 4.0 ಬೋರ್ಡಿನಲ್ಲಿ ಅದು ಸಾಲುತ್ತದೆ, ಎಂಟನೇ ತಲೆಮಾರಿನ 3.0 ಬೋರ್ಡಿನಲ್ಲಿ ವೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ 1650 ವಾಸಿ.

ಪ್ರಶ್ನೆ (ತೋರಣಗಲ್ಲಿನಿಂದ): ನಮ್ಮಲ್ಲಿ ಧೂಳು ವಿಪರೀತ, ಬೇಸಿಗೆಯಲ್ಲಿ ಕರೆಂಟೂ ಹೋಗುತ್ತಿರುತ್ತದೆ. ಮನೆಯ ಇನ್ವರ್ಟರ್ ಮೇಲೆ ಇಂಥ ಕಂಪ್ಯೂಟರ್ ನಡೆಸಬಹುದೇ?

ಉತ್ತರ: ಸೈನ್ ವೇವ್ ಇನ್ವರ್ಟರ್ ಆಗಿದ್ದರೆ ನಡೆಸಬಹುದು ಸರ್. ಆಡುವಾಗ ಟಿವಿ ಸೇರಿ ಸುಮಾರು 250 ವ್ಯಾಟ್ ಎಂದು ಲೆಕ್ಕ ಹಿಡಿಯಿರಿ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನೇ ಹಾಕಿ, ಆಗ ಕರೆಂಟ್ ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗದಷ್ಟು ಬೇಗ ಬ್ಯಾಟರಿಗೆ ಬದಲಾಗುತ್ತದೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೂ ಬ್ಯಾಟರಿಯೇ ಖರ್ಚಾಗುವುದರಿಂದ, ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಗಮನವಿರಲಿ. ಅರ್ಥಿಂಗ್ ಪರೀಕ್ಷಿಸದೆ ಟಿವಿಗೂ ಕಂಪ್ಯೂಟರಿಗೂ ಎಚ್‌ಡಿಎಂಐ ಹಾಕಬೇಡಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಎರಡನ್ನೂ ಒಂದೇ ಸ್ಪೈಕ್ ಬೋರ್ಡಿಗೆ ಜೋಡಿಸಿ.

ಟಿವಿ ಶೋಕೇಸಿನ ಮುಚ್ಚಿದ ಖಾನೆಯೊಳಗೆ ಯಂತ್ರವನ್ನು ಕೂರಿಸುವುದು ನಮ್ಮ ಕಡೆಯ ಬಿಸಿಲಿಗೆ ತಕ್ಕದ್ದಲ್ಲ. 40 ಡಿಗ್ರಿ ದಾಟಿದ ದಿನಗಳಲ್ಲಿ ಕಾರ್ಡ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ, ಆಟ ತಡವರಿಸುತ್ತದೆ. ಹಿಂದೆ ಒಂದು ಗೇಣು ಜಾಗ ಬಿಟ್ಟು, ನೆಲದಿಂದ ಎತ್ತರದಲ್ಲಿಡಿ. ಅದಿರು ಲಾರಿಗಳ ದಾರಿಯಲ್ಲಿರುವ ಮನೆಗಳಲ್ಲಿ ಕೆಂಪು ಧೂಳು ಹೀಟ್‌ಸಿಂಕಿನ ಸೀಳುಗಳಲ್ಲಿ ಹಾಸಿಗೆಯಂತೆ ಕೂರುತ್ತದೆ, ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಬೇಕು. ಪ್ಲಗ್ ತೆಗೆದು, ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ಹಿಡಿದುಕೊಂಡೇ ಗಾಳಿ ಬಿಡಿ, ಗಿರಗಿರನೆ ತಿರುಗಿದರೆ ಫ್ಯಾನಿನ ಬೇರಿಂಗ್ ಕೆಡುತ್ತದೆ.

ಪ್ರಶ್ನೆ (ಗಂಗಾವತಿಯ ಶಿಕ್ಷಕರು): ಕೊನೆಯದಾಗಿ ಸರ್, ಆಟಗಳಿಗೇ ಎಷ್ಟು ಎತ್ತಿಡಬೇಕು?

ಉತ್ತರ: ಒಮ್ಮೆಗೇ ಕೊಳ್ಳುವ ಅವಸರ ಬೇಡ ಗುರುಗಳೇ. ಸ್ಟೀಮ್‌ನಲ್ಲಿ ಜೂನ್ ಕೊನೆಗೆ ಮತ್ತು ಡಿಸೆಂಬರಿನಲ್ಲಿ ದೊಡ್ಡ ರಿಯಾಯಿತಿ ಇರುತ್ತದೆ. ಬೆಲೆ ರೂಪಾಯಿಯಲ್ಲೇ ಇದ್ದು, ಯುಪಿಐನಿಂದಲೂ ಕಟ್ಟಬಹುದು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದಾದ್ದರಿಂದ, ನಿಮ್ಮ ಯಂತ್ರದಲ್ಲಿ ಓಡುತ್ತದೋ ಇಲ್ಲವೋ ಎಂಬ ಅನುಮಾನವಿರುವ ಆಟವನ್ನು ಮೊದಲ ಸಂಜೆಯೇ ಟಿವಿಯಲ್ಲಿ ಹಾಕಿ ನೋಡಿ. ಎಪಿಕ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿ ಗುರುವಾರ ಗುರುವಾರ ಉಚಿತ ಆಟ ಕೊಡುತ್ತದೆ, ಖಾತೆ ನಿಮ್ಮ ಹೆಸರಿನಲ್ಲೇ ತೆರೆಯಿರಿ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಮಕ್ಕಳ ಖಾತೆ ಸೇರಿಸಿದರೆ ನೀವು ಕೊಂಡ ಹೆಚ್ಚಿನ ಆಟಗಳು ಅವರಿಗೂ ಸಿಗುತ್ತವೆ, ಯಾವ ಆಟ, ಎಷ್ಟು ಹೊತ್ತು ಎಂಬುದನ್ನೂ ನೀವೇ ನಿಗದಿಪಡಿಸಬಹುದು. ಯಂತ್ರದ ಬಿಲ್ ತೆಗೆದುಕೊಳ್ಳುವಾಗ ಪ್ರೊಸೆಸರ್ ಮತ್ತು ಕಾರ್ಡಿನ ಪೂರ್ಣ ಮಾಡೆಲ್, ಸೀರಿಯಲ್ ಸಂಖ್ಯೆ, ಅಂಗಡಿಯ ವಾರಂಟಿ ಎಷ್ಟು ದಿನ ಎಂಬುದನ್ನು ಬರೆಸಿಕೊಳ್ಳಿ. ಕೊಟೇಶನ್ ಬಂದ ಮೇಲೆ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.